ಸೋದರಮಾವನ ಮುಂದೆ ಐದು ಗ್ಲಾಸು

ಕಾಪು, ಹೊರಡುವ ಮೊದಲು

ಜನ ಊರು ನೋಡಲು ವಿದೇಶಕ್ಕೆ ಹೋಗುತ್ತಾರೆ. ನಾನು ಹೋದದ್ದು ಒಬ್ಬ ಹುಡುಗನಲ್ಲಿ ಕೊರತೆ ಹುಡುಕಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಸ್ಕಾಟ್ಲೆಂಡಿನ ಬೆಟ್ಟ, ಕೋಟೆ, ಕುರಿ ಎಂದು ಏನಾದರೂ ಬರೆದೇನು ಎಂದು ನೀವು ಕಾದು ಕುಳಿತೀರಿ. ಕುರಿಗಳನ್ನು ನೋಡಿದ್ದೇನೆ, ಚೆನ್ನಾಗಿವೆ.

ನಾನು ವಾಹನ ವಿಮೆಯ ಸರ್ವೇಯರ್. ಹೆಬ್ರಿಯ ಆಚೆ ಘಾಟಿಯಲ್ಲಿ ಮಗುಚಿದ ಲಾರಿ, ಪರ್ಕಳದಲ್ಲಿ ಮೂತಿ ಜಜ್ಜಿಕೊಂಡ ಕಾರು, ಕಾರ್ಕಳದ ಬಸ್ಸಿನ ಹಿಂಬದಿಗೆ ಮುತ್ತು ಕೊಟ್ಟ ಸ್ಕೂಟರ್, ಎಲ್ಲಕ್ಕೂ ಒಂದು ಪ್ರದಕ್ಷಿಣೆ ಹಾಕಿ ಹಾನಿ ಎಷ್ಟು, ತಪ್ಪು ಯಾರದು ಎಂದು ಹೇಳುವುದು ನನ್ನ ಕೆಲಸ. ಬಂಪರ್ ಮೊದಲೇ ಮುರಿದಿತ್ತು ಎಂಬ ಮಾತನ್ನು ಮಾಲಿಕನ ಮುಖ ನೋಡಿಕೊಂಡೇ ಹೇಳುವ ಧೈರ್ಯವನ್ನು ಈ ವೃತ್ತಿ ನನಗೆ ಕೊಟ್ಟಿದೆ. ಇದರಿಂದ ಸ್ನೇಹಿತರು ಕಡಿಮೆ, ನಿದ್ರೆ ಮಾತ್ರ ಚೆನ್ನಾಗಿ ಬರುತ್ತದೆ.

ಅಂಬಲಪಾಡಿಯಲ್ಲಿರುವ ನನ್ನ ಅಕ್ಕ ಸುಮತಿಗೆ ಒಬ್ಬಳೇ ಮಗಳು, ನವ್ಯಾ. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿತು ಗ್ಲಾಸ್ಗೋದ ಆಸ್ಪತ್ರೆಯೊಂದಕ್ಕೆ ಹೋದವಳು. ಅಲ್ಲಿ ಮಂಡಿ ಮುರಿದುಕೊಂಡು ಬಂದ ಒಬ್ಬ ಶಾಲಾ ಮೇಷ್ಟ್ರಿಗೆ ನಡೆಯಲು ಕಲಿಸಿದಳು. ನಡೆಯಲು ಕಲಿತವನು ಬೇರೆ ಕಡೆ ಹೋಗಬೇಕಿತ್ತು, ಹೋಗಲಿಲ್ಲ. ಕ್ಯಾಲಮ್ ಎಂಬ ಅವನನ್ನೇ ಮದುವೆಯಾಗುತ್ತೇನೆ ಎಂದು ಫೋನು ಬಂದ ದಿನ ಅಕ್ಕ ಮೀನು ಕೊಯ್ಯುವ ಮಣೆಯ ಮುಂದೆ ಹಾಗೇ ಕುಳಿತಿದ್ದಳಂತೆ, ಬೆಕ್ಕು ಬಂದು ಬಂಗುಡೆ ಎತ್ತಿಕೊಂಡು ಹೋದರೂ ಏಳಲಿಲ್ಲವಂತೆ.

ನಮ್ಮದು ಮನೆತನ ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಇಳಿಯುವ ಅಳಿಯಕಟ್ಟಿನ ಕುಟುಂಬ. ಕಾನೂನಿನಲ್ಲಿ ಅದು ಹೋಗಿ ಎಷ್ಟೋ ಕಾಲವಾಯಿತು, ಮನೆಯೊಳಗಿನಿಂದ ಪೂರ್ತಿ ಹೋಗಿಲ್ಲ. ತುಳುವಿನಲ್ಲಿ ತಮ್ಮಲೆ ಎಂದು ಕರೆಯುವ ಸೋದರಮಾವ ಹೂಂ ಎನ್ನದೆ ನಮ್ಮಲ್ಲಿ ಹುಡುಗಿಯ ಮದುವೆ ಮಾತು ಮುಂದೆ ಹೋಗುವುದಿಲ್ಲ. ಭಾವನವರು ಬಂಗಾರದಂಥ ಮನುಷ್ಯ, ಆದರೆ ಇಂಥ ವಿಷಯದಲ್ಲಿ ಅವರದು ಊಟದ ಎಲೆ ಹಾಸುವ ಇಲಾಖೆ ಮಾತ್ರ. ನವ್ಯಾ ಕೂಡ ಅಮ್ಮನಿಗೆ ಹೇಳಿದ್ದು ಒಂದೇ ಮಾತು, ಮಾಮ ಬಂದು ನೋಡಲಿ, ಅವರು ಬೇಡ ಎಂದರೆ ಬೇಡ ಎಂದು. ಅಕ್ಕ ಅದನ್ನೇ ಹಿಡಿದುಕೊಂಡಳು.

"ನೀನು ಹೋಗು. ಮರ್ಯಾದೆಯಲ್ಲಿ ಊಟ ಮಾಡು. ಎಂತಾದರೂ ಒಂದು ಕೊರತೆ ಹುಡುಕಿ ಬೇಡ ಅಂತ ಹೇಳಿ ಬಾ. ನಿನಗೆ ಅದು ಕಷ್ಟವಾ?"

ಕಷ್ಟವಲ್ಲ ಎಂದೆ. ಹೊಸ ಕಾರಿನಲ್ಲೇ ಗೀರು ಹುಡುಕುವವನಿಗೆ ಮನುಷ್ಯ ಯಾವ ಲೆಕ್ಕ. ಆದರೆ ಅಕ್ಕನ ಭಯ ಏನೆಂದು ನನಗೆ ಗೊತ್ತಿತ್ತು. ಅವಳಿಗೆ ಬರುವುದು ತುಳು, ಕನ್ನಡ. ಅಳಿಯನಾದವನ ಹತ್ತಿರ ಊಟ ಆಯಿತಾ ಎಂದು ಕೇಳಲೂ ಆಗದು, ಹುಟ್ಟುವ ಮೊಮ್ಮಗು ತನ್ನನ್ನು ನೋಡಿ ಈ ಹೆಂಗಸು ಯಾರು ಎಂದು ಇಂಗ್ಲಿಷಿನಲ್ಲಿ ಕೇಳೀತು ಎಂಬ ಸಂಕಟ ಅವಳದು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಪೆಟ್ಟಿಗೆಗೆ ಒಣ ಸಿಗಡಿ ಚಟ್ನಿಯ ಬಾಟಲಿ ತುರುಕುತ್ತಾ ಮೂಗು ಒರೆಸಿಕೊಂಡಳು ಅಷ್ಟೆ.

ಐಲಾ, ಮೊದಲ ಸಂಜೆ

ನವ್ಯಾ ಮತ್ತು ಕ್ಯಾಲಮ್ ನನ್ನನ್ನು ಕರೆದುಕೊಂಡು ಹೋದದ್ದು ಕ್ಯಾಲಮನ ಅಪ್ಪ ಇರುವ, ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಒಂದು ದ್ವೀಪಕ್ಕೆ. ಬರೆಯುವಾಗ ಇಸ್ಲೇ ಎಂದು ಓದಿಕೊಳ್ಳುವ ಹಾಗೆ ಬರೆದು, ಕರೆಯುವಾಗ ಐಲಾ ಎನ್ನುತ್ತಾರೆ. ನಮ್ಮ ಕಾಪು ಇಂಗ್ಲಿಷಿನ ಬೋರ್ಡಿನಲ್ಲಿ ಕೌಪ್ ಆಗಿ ಹೊರಗಿನವರೆಲ್ಲ ಹಾಗೇ ಕೂಗುವುದನ್ನು ಕೇಳಿ ಬೆಳೆದ ನನಗೆ ಆ ದ್ವೀಪದ ಮೇಲೆ ಅಲ್ಲೇ ಒಂದು ಕನಿಕರ ಹುಟ್ಟಿತು. ಕಡಲು ನಮ್ಮದೇ ಬಣ್ಣದ್ದು, ಜಡಿಮಳೆಯ ಆಟಿ ತಿಂಗಳಿನ ಬಣ್ಣ. ಗಾಳಿ ಮಾತ್ರ ಕಿವಿಯೊಳಗೆ ಬಾಡಿಗೆಗೆ ಬಂದು ಕುಳಿತುಕೊಳ್ಳುತ್ತದೆ.

ಅಪ್ಪನ ಹೆಸರು ಡಂಕನ್. ದೋಣಿ ನಡೆಸಿ ನಿವೃತ್ತನಾದ ಎತ್ತರದ ಮನುಷ್ಯ, ಹೆಂಡತಿ ತೀರಿಕೊಂಡು ಏಳು ವರ್ಷ. ನನ್ನ ಕೈ ಕುಲುಕಿ, ಹುಡುಗಿಯ ತಂದೆ ಬರಲಿಲ್ಲವೇ ಎಂದು ಕೇಳಿದ. ನಾನು ಅಳಿಯಕಟ್ಟನ್ನು ವಿವರಿಸಿದೆ. ಬಹಳ ಹೊತ್ತು ವಿವರಿಸಿದೆ. ಕೊನೆಗೆ ಅವನು, ಹಾಗಾದರೆ ತಂದೆ ಬದುಕಿದ್ದಾರೆ ತಾನೇ ಎಂದು ಮೆಲ್ಲಗೆ ಕೇಳಿದ.

ಕುಳಿತ ಕೂಡಲೇ ಆ ದ್ವೀಪದ್ದೇ ಹದಿನೆಂಟು ವರ್ಷದ ವಿಸ್ಕಿ ಬಂತು. ನಾನು ಕುಡಿಯುವವನೇ. ಆದರೆ ನಮ್ಮ ಕುಡಿತದ ಕ್ರಮ ನಿಮಗೆ ಗೊತ್ತಲ್ಲ. ಗ್ಲಾಸಿನ ತಳಕ್ಕೆ ವಿಸ್ಕಿ, ಕಂಠದವರೆಗೆ ಸೋಡಾ, ಮೇಲೆ ಐಸು, ಪಕ್ಕದಲ್ಲಿ ನಂಜಿಕೊಳ್ಳಲು ಹುರಿದ ಮೀನಿನ ತುಂಡು. ಸೋಡಾ ಉಂಟಾ ಎಂದು ಕೇಳಿದೆ. ದೇವಸ್ಥಾನದ ತೀರ್ಥಕ್ಕೆ ಸೋಡಾ ಕೇಳಿದವನನ್ನು ಭಟ್ಟರು ನೋಡುವ ಹಾಗೆ ಡಂಕನ್ ನೋಡಿದ. ಆಮೇಲೆ ಒಂದು ಪುಟ್ಟ ಹೂಜಿಯಿಂದ ಎರಡೇ ಹನಿ ನೀರು ಬಿಟ್ಟು, ಈಗ ಮೂಸಿ ನೋಡಿ ಎಂದ.

ಮೂಸಿದೆ. ಹೊಗೆ. ತೆಂಗಿನ ಸಿಪ್ಪೆ ಒಟ್ಟಿ ಹಂಡೆ ಕಾಯಿಸುವ ಬಚ್ಚಲಿನ ಹೊಗೆ, ಅದರ ಹಿಂದೆ ಸ್ವಲ್ಪ ಡೆಟ್ಟಾಲು, ಅದರ ಹಿಂದೆ ಕಡಲು. ಅಲ್ಲಿನವರು ಜೌಗು ನೆಲದ ಅಡಿಯ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು ಒಣಗಿಸಿ, ಅದರ ಬೆಂಕಿಯಲ್ಲಿ ಬಾರ್ಲಿ ಒಣಗಿಸುತ್ತಾರಂತೆ. ನನಗಂತೂ ನಮ್ಮಜ್ಜಿ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದ ಭಾನುವಾರ ಗಂಟಲಿನಲ್ಲಿ ಇಳಿದಂತಾಯಿತು. ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ನನ್ನ ವೃತ್ತಿಯಲ್ಲಿ ಯಾವುದೇ ವಸ್ತುವಿಗೆ ವರ್ಷ ಕಳೆದ ಹಾಗೆ ಸವಕಳಿ ಕಳೆಯಬೇಕು. ಸವಕಳಿ ಕಳೆಯದೆ ನಾನು ಹೆಂಡತಿಯ ಕರಿಮಣಿಯನ್ನೂ ನೋಡಿದವನಲ್ಲ. ಇಲ್ಲಿ ವಯಸ್ಸಾದಷ್ಟೂ ಮರ್ಯಾದೆ ಏರುತ್ತದೆ, ಐವತ್ತೆಂಟರ ನನಗೆ ಅದು ಹಿತವಾಗಿ ಕೇಳಿಸಿತು.

ಊಟಕ್ಕೆ ಸುಟ್ಟ ಮೀನು. ಇನ್ನಷ್ಟು ಬೇಕೇ ಎಂದು ಡಂಕನ್ ಕೇಳಿದ. ಬೇಡ ಎಂದೆ. ನಮ್ಮಲ್ಲಿ ಮೊದಲನೆಯ ಬೇಡ ಸಂಸ್ಕಾರ, ಎರಡನೆಯದು ಸಂಕೋಚ, ಮೂರನೆಯ ಸಲ ಬಡಿಸುವವರೇ ಕೈ ಹಿಡಿದು ಹಾಕಬೇಕು. ಇಲ್ಲಿ ಮೊದಲನೆಯ ಬೇಡಕ್ಕೇ ತಟ್ಟೆ ಸಮೇತ ಮೀನು ಅಡುಗೆಮನೆಗೆ ಹೊರಟುಹೋಯಿತು. ಮಲಗುವಾಗ ಅಕ್ಕನ ಸಿಗಡಿ ಚಟ್ನಿಯನ್ನು ಬೆರಳಿನಲ್ಲಿ ನೆಕ್ಕಿದೆ.

ಎರಡನೆಯ ದಿನ, ತಪಾಸಣೆ

ಬೆಳಗ್ಗೆ ಎದ್ದು ಕ್ಯಾಲಮನ ಪ್ರದಕ್ಷಿಣೆ ಆರಂಭಿಸಿದೆ. ಮೂವತ್ತು ವರ್ಷ, ಕೆಂಪು ಕೂದಲು, ಹಲ್ಲು ಸಾಲಾಗಿದೆ, ಮುರಿದ ಮಂಡಿ ಸರಿಯಾಗಿ ಕೂತಿದೆ. ಬೆಟ್ಟ ಹತ್ತಿಸಿದೆ, ಏದುಸಿರು ಬಂದದ್ದು ನನಗೆ. ಕೋಪ ಬರುತ್ತದೋ ನೋಡೋಣ ಎಂದು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆ, ಶಾಲಾ ಮೇಷ್ಟ್ರಲ್ಲವೇ, ಮೂರು ಸಲವೂ ಉತ್ತರ ಹೇಳಿದ. ಪಾತ್ರೆ ತಾನೇ ತೊಳೆದ. ಸಿಗಡಿ ಚಟ್ನಿಯನ್ನು ಒಂದು ಚಮಚ ತುಂಬ ಬಾಯಿಗಿಟ್ಟು ಕಣ್ಣು ಮೂಗು ಎಲ್ಲ ಸುರಿಸಿಕೊಂಡ ಮೇಲೆ ಇನ್ನೊಂದು ಚಮಚಕ್ಕೆ ಕೈ ಚಾಚಿದ. ಈ ಚಳಿಯಲ್ಲಿ ಚಡ್ಡಿ ಹಾಕುತ್ತಾನೆ ಎಂಬುದೊಂದೇ ನನಗೆ ಸಿಕ್ಕಿದ ಗೀರು. ಅಕ್ಕ ಫೋನು ಮಾಡಿ, ಎಂತ ಸಿಕ್ಕಿತಾ ಎಂದು ಕೇಳಿದಾಗ ಚಡ್ಡಿಯ ವಿಷಯ ಹೇಳಿದೆ. ಅದು ಸಾಲುವುದಿಲ್ಲ, ನಿನ್ನ ಭಾವನೂ ಹಾಕ್ತಾರೆ ಎಂದು ಇಟ್ಟುಬಿಟ್ಟಳು.

ಆಗ ನನಗೆ ಹೊಳೆಯಿತು. ನಾನು ಗಂಭೀರವಾಗಿ ಕುರ್ಚಿ ಎಳೆದು ಕುಳಿತು, ಹುಡುಗನ ಸೋದರಮಾವ ಎಲ್ಲಿ ಎಂದು ಕೇಳಿದೆ. ನಮ್ಮಲ್ಲಿ ಮಾತುಕತೆ ನಡೆಯುವುದು ಎರಡೂ ಕಡೆಯ ಮಾವಂದಿರ ನಡುವೆ, ಆ ಕಡೆಯ ಮಾವ ಎದುರು ಕೂರದೆ ನಾನು ಮದುವೆಯ ಮಾತೇ ಎತ್ತುವುದಿಲ್ಲ ಎಂದೆ. ಇಂಗ್ಲಿಷರಿಗೆ, ಕ್ಷಮಿಸಿ, ಸ್ಕಾಟರಿಗೆ (ಅಲ್ಲಿ ಈ ತಪ್ಪು ಮಾಡಬಾರದು, ಎರಡು ಸಲ ಮಾಡಿದ್ದೇನೆ) ಎಲ್ಲಿಂದ ಬರಬೇಕು ಸೋದರಮಾವ ಎಂಬುದು ನನ್ನ ಲೆಕ್ಕ. ಇಲ್ಲ ಎಂದರೆ ಅದೇ ಕೊರತೆ. ಸಂಪ್ರದಾಯದ ಕೊರತೆ, ಯಾರಿಗೂ ಬೇಸರವಿಲ್ಲ, ನಾನು ಊರಿಗೆ.

ಡಂಕನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕ್ಯಾಲಮ್ ನೆಲ ನೋಡಿದ. ನವ್ಯಾ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕುರಿಗಳ ಎದುರು ನಿಲ್ಲಿಸಿ ವಿಷಯ ಹೇಳಿದಳು.

ಸೋದರಮಾವ ಇದ್ದಾನೆ. ಹೆಸರು ಹೇಮಿಷ್, ಮನೆ ಅದೇ ರಸ್ತೆಯ ತುದಿಯಲ್ಲಿ. ಮೊದಲು ಅವನೂ ಡಂಕನನೂ ಅಣ್ಣತಮ್ಮಂದಿರ ಹಾಗಿದ್ದವರು. ಕ್ಯಾಲಮ್ ಹುಟ್ಟಿದ ವರ್ಷ ಇಬ್ಬರೂ ಸೇರಿ ಅವನ ಹೆಸರಿನಲ್ಲಿ ಒಂದು ಪೀಪಾಯಿ ವಿಸ್ಕಿ ತುಂಬಿಸಿದರು. ಭಟ್ಟಿಯಲ್ಲಿ ಕೆಲಸಕ್ಕಿದ್ದ ಹೇಮಿಷ್ ಪೀಪಾಯಿ ಆರಿಸಿದ, ಗೋದಾಮಿನಲ್ಲಿ ಅದನ್ನು ಇಡುವ ಮೂಲೆಯನ್ನು ಡಂಕನ್ ಆರಿಸಿದ, ಕಡಲಿನ ಕಡೆಯ ಗೋಡೆಯ ಬುಡದಲ್ಲಿ. ಹುಡುಗನ ಮದುವೆಗೆ ತೆಗೆಯಬೇಕೆಂದು ತಾಯಿ ತನ್ನ ಕೈಯಲ್ಲೇ ಬಾಟಲಿಗಳಿಗೆ ಚೀಟಿ ಬರೆದಿಟ್ಟಿದ್ದಳು. ಅವಳು ಹೋದ ಮೇಲೆ ಹುಡುಗನಿಗೆ ಇಪ್ಪತ್ತೈದು ತುಂಬಿದಾಗ ಬಾಟಲಿಗೆ ತುಂಬಿಸಿ ಬಾಯಿಗಿಟ್ಟರೆ, ಕೆಟ್ಟುಹೋಗಿತ್ತು. ನೀನು ತಂದ ಮರ ಸರಿಯಿಲ್ಲ ಎಂದ ಡಂಕನ್, ನೀನು ಇಟ್ಟ ಜಾಗ ಸರಿಯಿಲ್ಲ ಎಂದ ಹೇಮಿಷ್. ಅಂದಿನಿಂದ ಮಾತಿಲ್ಲ. ಬಾಟಲಿಗಳು ಡಂಕನನ ಮೆಟ್ಟಿಲಿನ ಕೆಳಗಿವೆ, ಮದುವೆಯವರೆಗೆ ಯಾರೂ ಮುಟ್ಟುವುದಿಲ್ಲ.

ಛೆ, ಪಾಪ ಎಂದೆ. ಒಳಗೊಳಗೆ ಸಂತೋಷವಾಯಿತು. ಮಾತಿಲ್ಲದ ಮಾವ ಬರುವುದಿಲ್ಲ, ನನ್ನ ಕೊರತೆ ಗಟ್ಟಿಯಾಯಿತು. ಒಳಗೆ ಹೋಗಿ ಇನ್ನೊಮ್ಮೆ ಒತ್ತಿ ಹೇಳಿದೆ, ಮಾವನಿಲ್ಲದೆ ಮಾತಿಲ್ಲ ಎಂದು.

ಡಂಕನ್ ಟೊಪ್ಪಿ ಹಾಕಿಕೊಂಡು ಹೊರಗೆ ಹೋದ. ರಸ್ತೆಯ ತುದಿಯ ಮನೆಯ ಬಾಗಿಲಿನಲ್ಲಿ ಅವನು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ತಿರುಗಿ ಬಂದು, ಹೇಮಿಷ್ ನಾಳೆ ಸಂಜೆ ಬರುತ್ತಾನೆ ಎಂದ. ಐದು ವರ್ಷ ಮಾತು ಬಿಟ್ಟವರು ನನ್ನ ಒಂದು ನೆಪಕ್ಕೆ ಬಾಗಿಲು ತಟ್ಟಿ ಬಿಟ್ಟರಲ್ಲ ಎಂದು ನನಗೆ ಗಾಬರಿಯಾಯಿತು.

ಶನಿವಾರ, ಐದು ಗ್ಲಾಸು

ಮಾತಿಲ್ಲದ ಇಬ್ಬರು ಒಂದೇ ಮೇಜಿಗೆ ಕೂರಬೇಕಾದರೆ ಕೈಗೊಂದು ಕೆಲಸ ಬೇಕು. ಅದಕ್ಕಾಗಿ ಡಂಕನ್ ಹೆಸರು ಮುಚ್ಚಿದ ರುಚಿ ಪರೀಕ್ಷೆಯೊಂದನ್ನು ಇಟ್ಟುಕೊಂಡ. ಬೇರೆ ಬೇರೆ ದೇಶದ ಹಳೆಯ ವಿಸ್ಕಿ, ನವ್ಯಾ ಒಳಗಿನ ಕೋಣೆಯಲ್ಲಿ ಬಾಟಲಿ ಕಾಣದ ಹಾಗೆ ಸುರಿದು ತರಬೇಕು, ನಾವು ಮೂಸಿ ಕುಡಿದು ನೂರಕ್ಕೆ ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು. ಅತಿಥಿ ಮೊದಲು. ಯಾವುದು ಯಾವ ದೇಶದ್ದು ಎಂದು ಹೊರಬೀಳುವುದು ಎಲ್ಲ ಮುಗಿದ ಮೇಲೆ.

ಹೇಮಿಷ್ ಬಂದ. ಕುಳ್ಳ, ದುಂಡಗಿನ ಮುಖ, ಇಸ್ತ್ರಿ ಮಾಡಿದ ಅಂಗಿ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಂಗಿಯ ಮಗನ ವಿಷಯಕ್ಕೆ ತನ್ನನ್ನು ಕರೆಯಬೇಕೆಂದು ಜಗತ್ತಿನಲ್ಲಿ ಒಬ್ಬನಿಗಾದರೂ ತೋರಿತಲ್ಲ ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಅವನು ಮೇಜಿನ ಆ ತುದಿಯಲ್ಲಿ, ಡಂಕನ್ ಈ ತುದಿಯಲ್ಲಿ ಕುಳಿತರು, ನಡುವೆ ಉಪ್ಪಿನ ಡಬ್ಬಿ ಬೇಕಾದರೂ ಕ್ಯಾಲಮನ ಮೂಲಕ ಕೇಳುತ್ತಿದ್ದರು.

ಮೊದಲ ಗ್ಲಾಸು ಬಂತು. ನಾನು ಅಭ್ಯಾಸಬಲದಿಂದ ಬೆರಳು ಅದ್ದಿ ಎರಡು ಹನಿ ನೆಲಕ್ಕೆ ಚಿಮುಕಿಸಿದೆ. ಹನಿ ಬಿದ್ದದ್ದು ಡಂಕನನ ಒಳ್ಳೆಯ ರತ್ನಗಂಬಳಿಯ ಮೇಲೆ. ಇದೇನೆಂದು ಹೇಮಿಷ್ ಕೇಳಿದ. ಹೋದವರಿಗೆ ಮೊದಲು ಕೊಟ್ಟು ಆಮೇಲೆ ನಾವು ಕುಡಿಯುವುದು ಎಂದೆ. ಅವನು ತಾನೂ ಬೆರಳು ಅದ್ದಿದ. ಡಂಕನ್ ಅದನ್ನು ನೋಡಿದ, ಕಂಬಳಿಯ ಬಗ್ಗೆ ಏನೂ ಹೇಳಲಿಲ್ಲ.

ಕುಡಿದೆ. ಹೊಸ ಸೋಫಾ ಕೊಂಡವರ ಮನೆಗೆ ಹೋಗಿ, ಅದರ ಮೇಲೆ ಕುಳಿತು ಬೆಲ್ಲದ ಪಾಕ ತಿಂದ ಹಾಗಿತ್ತು. ಸುಟ್ಟ ಹೊಸ ಮರ, ಸಿಹಿ. ಎಪ್ಪತ್ತೆರಡು ಕೊಟ್ಟು, ಅಮೆರಿಕ ಎಂದೆ. ಎರಡನೆಯದು ಇಳಿದದ್ದೇ ಗೊತ್ತಾಗಲಿಲ್ಲ. ಮಣಿಪಾಲದಲ್ಲಿ ರಕ್ತ ತೆಗೆಯುವ ಕೆಲವರ ಕೈ ಹಾಗಿರುತ್ತದೆ, ಹತ್ತಿ ಒತ್ತಿ ಹಿಡಿಯಿರಿ ಎಂದ ಮೇಲೆಯೇ ಚುಚ್ಚಿದ್ದು ತಿಳಿಯುವುದು. ಐರ್ಲೆಂಡಿನವರು ಮೂರು ಸಲ ಬಟ್ಟಿ ಇಳಿಸಿ ಹೀಗೆ ನಯ ಮಾಡುತ್ತಾರೆಂದು ವಿಮಾನದಲ್ಲಿ ಪಕ್ಕದವರು ಹೇಳಿದ್ದರು, ಎಂಬತ್ತು ಕೊಟ್ಟೆ. ಹೇಮಿಷ್ ತಲೆದೂಗಿದ. ನಾನು ಉಬ್ಬಿಹೋದೆ.

ಮೂರನೆಯದರಲ್ಲಿ ಮಾಗಿದ ಹಲಸಿನ ಪರಿಮಳ, ಹಿಂದಿನಿಂದ ಕರಿಮೆಣಸಿನ ಖಾರ. ಆಹಾ, ಜಪಾನಿಗಳ ಶಿಸ್ತು ನೋಡಿ ಎಂದು ಐದು ನಿಮಿಷ ಭಾಷಣ ಮಾಡಿ ಎಂಬತ್ತೆಂಟು ಕೊಟ್ಟೆ. ನಾಲ್ಕನೆಯದು ಊದುಬತ್ತಿಯ ಕಟ್ಟು ಬಿಚ್ಚಿದ ಹಾಗೆ. ಇದು ನಮ್ಮ ದೇಶದ್ದು, ವಾಸನೆಯೇ ಹೇಳುತ್ತದೆ, ನಮ್ಮವರಿಗೆ ಇನ್ನೂ ತಾಳ್ಮೆ ಬರಬೇಕು ಎಂದು ಬೇಸರದಿಂದ ಅರವತ್ತೈದಕ್ಕೆ ನಿಲ್ಲಿಸಿದೆ. ಹಲಸಿನದು ನಮ್ಮ ದೇಶದ್ದು, ಊದುಬತ್ತಿಯದು ಜಪಾನಿನದ್ದು ಎಂದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನಾಚಿಕೆಪಡಲು ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿದ್ದರಿಂದ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಐದನೆಯ ಗ್ಲಾಸು ತರುವಾಗ ನವ್ಯಾ ನನ್ನ ಕಡೆ ಕಣ್ಣು ಮಿಟುಕಿಸಿದಳು, ಹುಬ್ಬು ಕುಣಿಸಿದಳು, ಕೆಮ್ಮಿದಳು. ಗಾಳಿಗೆ ಕಣ್ಣಿಗೇನೋ ಬಿದ್ದಿದೆ ಎಂದುಕೊಂಡೆ. ಗ್ಲಾಸು ಮೂಸಿದ ಕೂಡಲೇ ಡಂಕನ್ ಮತ್ತು ಹೇಮಿಷ್ ಇಬ್ಬರೂ ಅಲುಗಾಡದೆ ಕುಳಿತರು. ನನ್ನ ತೀರ್ಪಿಗೆ ಕೊಡುತ್ತಿರುವ ಗೌರವ ಎಂದು ತಿಳಿದು ನಾನು ದೊಡ್ಡ ಗುಟುಕನ್ನೇ ಎಳೆದೆ.

"ಟೋಟಲ್ ಲಾಸ್" ಎಂದೆ.

ರಿಪೇರಿಗೂ ಬಾರದ ಗಾಡಿಗೆ ನಾವು ಬರೆಯುವ ಮಾತು ಅದು, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸರ್ವೇಯರ್ ಕಾರಣ ಕೊಡದೆ ವರದಿ ಮುಗಿಸಬಾರದು. ನೆರೆನೀರಿನಲ್ಲಿ ಮುಳುಗಿ, ಕಿಟಕಿ ಏರಿಸಿಯೇ ವಾರ ನಿಂತ ಕಾರಿನ ಬಾಗಿಲನ್ನು ಮೊದಲ ಸಲ ತೆರೆಯುವವನು ನಾನು, ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಒದ್ದೆ ಗೋಣಿ, ಸುಟ್ಟ ರಬ್ಬರು, ಬೆಂಕಿಕಡ್ಡಿಯ ಮದ್ದು, ಎಲ್ಲ ಇದರಲ್ಲಿದೆ ಎಂದೆ. ನೂರಕ್ಕೆ ಹನ್ನೊಂದು, ಅದೂ ಗ್ಲಾಸು ಚೆನ್ನಾಗಿ ತೊಳೆದದ್ದಕ್ಕೆ.

ಹೇಮಿಷ್ ಬಹಳ ಮೆಲ್ಲಗೆ ಕೇಳಿದ, ತಪ್ಪು ಮರದ್ದೋ, ಇಟ್ಟ ಜಾಗದ್ದೋ ಎಂದು. ನನ್ನ ವಿದ್ಯೆಗೆ ಸವಾಲು ಹಾಕಿದ್ದಾನೆ ಎಂದು ನನಗೆ ಹುರುಪು ಬಂತು.

"ಎರಡೂ" ಎಂದೆ. "ಮರ ಮೊದಲೇ ಹಾಳು, ಜಾಗ ಅದಕ್ಕಿಂತ ಹಾಳು. ಎರಡೂ ಪಾರ್ಟಿಯ ತಪ್ಪು, ಅರ್ಧ ಅರ್ಧ."

ಅದು ಮೆಟ್ಟಿಲಿನ ಕೆಳಗಿನ ಬಾಟಲಿಯದೆಂದು ನನಗೆ ಅರ್ಥವಾದದ್ದು ಕ್ಯಾಲಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಾಗ. ಡಂಕನ್ ಎದ್ದ. ತನ್ನ ಕುರ್ಚಿ ಎತ್ತಿಕೊಂಡು ಹೋಗಿ ಹೇಮಿಷನ ಪಕ್ಕದಲ್ಲಿ ಹಾಕಿದ, ಇಬ್ಬರೂ ಒಟ್ಟಿಗೆ ನನ್ನನ್ನು ನೋಡತೊಡಗಿದರು. ಆ ವಿಸ್ಕಿಯ ಬಗ್ಗೆ ಅವರವರೇ ಏನು ಹೇಳಿಕೊಂಡಿದ್ದರೋ ಏನೋ, ಹೊರಗಿನವನು ಬಂದು ಹೇಳಬಾರದು. ನಮ್ಮ ನಾಯಿಗೆ ನಾವು ಕಲ್ಲು ಹೊಡೆಯುತ್ತೇವೆ, ಪಕ್ಕದ ಮನೆಯವನು ಹೊಡೆದರೆ ಸುಮ್ಮನಿರುತ್ತೇವೆಯೇ. ಸತ್ತ ಹೆಂಗಸೊಬ್ಬಳು ಮಗನ ಮದುವೆಗೆಂದು ತನ್ನ ಕೈಯಿಂದ ಚೀಟಿ ಬರೆದಿಟ್ಟ ಬಾಟಲಿ ಅದು. ಇಬ್ಬರೂ ನನಗೆ ತಿಳಿಯದ ಉಚ್ಚಾರಣೆಯಲ್ಲಿ ಏನೋ ಹೇಳಿಕೊಂಡು, ಕೋಟು ಹಾಕಿಕೊಂಡು, ಒಟ್ಟಿಗೇ ಹೊರಗೆ ನಡೆದರು.

ಡಂಕನನೇ ಆ ಬಾಟಲಿಯನ್ನು ಗುಟ್ಟಾಗಿ ನವ್ಯಾಳ ಕೈಗೆ ಕೊಟ್ಟಿದ್ದನಂತೆ, ಹೇಮಿಷನ ಬಾಯಿಂದ ಸತ್ಯ ಬರಲಿ ಎಂದು. ಇದನ್ನು ಹೇಳುವಾಗ ನವ್ಯಾಳ ಕಣ್ಣಿನಲ್ಲಿ ನೀರು.

"ಅಮ್ಮ ಕೊರತೆ ಹುಡುಕಲಿಕ್ಕೆ ಕಳಿಸಿದ್ದು ಅಂತ ನನಗೆ ಗೊತ್ತುಂಟು ಮಾಮ. ಆದರೂ ನೀವು ಅಂತ ನಂಬಿ ಕರೆದದ್ದು. ಒಂದು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಲೆಕ್ಕದ ಪ್ರಕಾರ ನನ್ನ ಕೆಲಸ ಸಲೀಸಾಗಿ ಮುಗಿದಿತ್ತು. ಇನ್ನು ಬೇಡ ಎನ್ನುವವರು ಆ ಕಡೆಯವರೇ, ನನ್ನ ಕೈ ಶುದ್ಧ, ಅಕ್ಕನಿಗೆ ನೆಮ್ಮದಿ. ಆದರೆ ಎತ್ತಿ ಆಡಿಸಿದ ಮಗು ನನ್ನನ್ನು ಯಾರೋ ಏಜೆಂಟನ್ನು ನೋಡುವ ಹಾಗೆ ನೋಡಿ ಹೋಯಿತು.

ಭಾನುವಾರ ಬೆಳಗ್ಗೆ

ಕ್ಷಮೆ ಕೇಳಬೇಕೆಂದು ಕೆಳಗೆ ಇಳಿದರೆ ಅಡುಗೆಮನೆಯಲ್ಲಿ ಡಂಕನ್ ಮತ್ತು ಹೇಮಿಷ್ ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ಎದುರಿಗೆ ಅದೇ ಬಾಟಲಿ, ಅದರ ಮೇಲೆ ದುಂಡಗಿನ ಅಕ್ಷರದ ಚೀಟಿ. ಬೆಳಗ್ಗಿನ ಗಂಜಿಯ ಹೊತ್ತಿಗೇ ಇಬ್ಬರೂ ಅದನ್ನು ಕುಡಿಯುತ್ತಾ ನನ್ನ ವಿರುದ್ಧ ವಾದ ಜೋಡಿಸುತ್ತಿದ್ದರು. ಅವರಿಗೆ ಐದು ವರ್ಷದ ಮಾತು ಬಾಕಿ ಇತ್ತು, ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಹಿಡಿದುಕೊಳ್ಳುತ್ತಿದ್ದ. ಕ್ಯಾಲಮ್ ಮತ್ತು ನವ್ಯಾ ಒಲೆಯ ಹತ್ತಿರ ನಿಂತಿದ್ದರು. ನವ್ಯಾಳ ಮುಖ ಬಾಡಿತ್ತು.

ಹೇಮಿಷ್ ಒಂದು ಗ್ಲಾಸು ನನ್ನ ಮುಂದೆ ತಳ್ಳಿದ. ನಿನ್ನೆ ನಾಲ್ಕು ವಿಸ್ಕಿ ಕುಡಿದು ನಿಮ್ಮ ನಾಲಿಗೆ ದಣಿದಿತ್ತು, ಈಗ ಬರಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಿ ಹೇಳಿ ಎಂದ. ನನಗೆ ಬಿಟ್ಟುಕೊಟ್ಟ ದಾರಿ ಅದು, ಅದು ನನಗೂ ಗೊತ್ತಾಯಿತು. ನವ್ಯಾ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಬಾಯಿ ಸಿದ್ಧ ಮಾಡಿಕೊಂಡೇ ಗ್ಲಾಸು ಎತ್ತಿದೆ, ಎಂಬತ್ತು ಎಂದು ಹೇಳಿಬಿಡುವುದು, ಮುಗಿಯಿತು.

ಬಾಯಿಗಿಟ್ಟೆ. ದೇವರೇ. ನಿನ್ನೆಗಿಂತಲೂ ಕೆಟ್ಟದಾಗಿತ್ತು. ಎಂಬತ್ತು ನಾಲಿಗೆಯ ತುದಿಗೆ ಬಂದು ಅಲ್ಲಿನ ಗೋಣಿವಾಸನೆಗೆ 'ನಾನೊಲ್ಲೆ' ಎಂದು ಒಳಗೆ ಹೋಯಿತು. ಮೂವತ್ತು ವರ್ಷ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಸವೆದ ನಾಲಿಗೆ, ಏನು ಮಾಡಲಿ.

"ಕ್ಷಮಿಸಿ" ಎಂದೆ. "ಕೆಟ್ಟದ್ದೇ."

ಡಂಕನ್ ಗ್ಲಾಸು ಕೆಳಗಿಟ್ಟ. ನನ್ನನ್ನೇ ದಿಟ್ಟಿಸಿ ನೋಡಿ, ಹಾಗಾದರೆ ಇದನ್ನೂ ಹೇಳಿಬಿಡಿ, ನನ್ನ ಮಗನನ್ನೂ ಮೂರು ದಿನದಿಂದ ಸುತ್ತಿ ಸುತ್ತಿ ನೋಡುತ್ತಿದ್ದೀರಲ್ಲ, ಅವನ ಬಗ್ಗೆ ಏನು ತೀರ್ಪು ಎಂದು ಕೇಳಿದ. ಕ್ಯಾಲಮ್ ಒಂದು ಹೆಜ್ಜೆ ಮುಂದೆ ಬಂದು ನಿಂತ, ಪಾಪ, ತನಿಖೆಗೆ ನಿಂತ ಹಾಗೆಯೇ.

ನಾನು ಅಕ್ಕನನ್ನು ನೆನೆಸಿಕೊಂಡೆ. ಅವಳ ಸಂಕಟವನ್ನೂ ನೆನೆಸಿಕೊಂಡೆ. ನಿನ್ನೆ ಇಬ್ಬರಿಗೆ ಇಷ್ಟು ನೋವು ಮಾಡಿ ಸತ್ಯ ಹೇಳಿದವನು ಇವತ್ತು ಚಡ್ಡಿಯ ನೆಪ ಹೇಳಿ ತಪ್ಪಿಸಿಕೊಂಡರೆ ನನ್ನ ಮುಖಕ್ಕೆ ನಾನೇ ಉಗಿಯಬೇಕಾದೀತು.

"ಇವನನ್ನೂ ಅದೇ ವರ್ಷ ತುಂಬಿಸಿದ್ದು" ಎಂದೆ. "ಅದೇ ಗಾಳಿ, ಅದೇ ಥಂಡಿ, ಕಾಯಲಿಕ್ಕೆ ನೀವೇ ಇಬ್ಬರು. ಪೀಪಾಯಿ ಹಾಳಾಯಿತು. ಹುಡುಗ ಹಾಳಾಗಲಿಲ್ಲ. ನಾನು ಮೂರು ದಿನ ಹುಡುಕಿದೆ, ನನಗೆ ಕೊರತೆ ಸಿಕ್ಕಲಿಲ್ಲ. ನಮ್ಮ ಹುಡುಗಿಯನ್ನು ಕೊಡುತ್ತೇವೆ."

ಹೇಮಿಷ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ, ಡಂಕನ್ ಅದೇ ಕರವಸ್ತ್ರವನ್ನು ಕೇಳಿ ತೆಗೆದುಕೊಂಡ. ನವ್ಯಾ ಬಂದು ನನ್ನ ಹೆಗಲಿಗೆ ಹಣೆ ಒತ್ತಿ ನಿಂತಳು. ನನಗೂ ಅಳು ಬಂತು, ಅದನ್ನು ವಿಸ್ಕಿಯ ಖಾರ ಎಂದು ಹೇಳುವ ಹಾಗೂ ಇರಲಿಲ್ಲ, ಅದರಲ್ಲಿ ಖಾರವೂ ಉಳಿದಿರಲಿಲ್ಲ.

ಮಾತು ಆದ ಮೇಲೆ ಮಾವಂದಿರು ವೀಳ್ಯ ಬದಲಾಯಿಸಬೇಕು. ಬೇಡ ಎನ್ನಲು ಹೋಗುವವನ ಪೆಟ್ಟಿಗೆಗೂ ನನ್ನ ಹೆಂಡತಿ ಎಲೆ ಅಡಿಕೆ ಇಟ್ಟಿದ್ದಳು, ಅವಳ ಬುದ್ಧಿಯ ಬಗ್ಗೆ ಇನ್ನೊಮ್ಮೆ ಬರೆಯಬೇಕು. ಬಾಡಿದ ಎಲೆಯನ್ನು ಹೇಮಿಷನ ಕೈಯಲ್ಲಿಟ್ಟೆ. ಅವನು ಭಕ್ತಿಯಿಂದ ಪೂರ್ತಿ ಬಾಯಿಗೆ ಹಾಕಿಕೊಂಡು ಅಗಿದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ನೂರಕ್ಕೆ ಎಷ್ಟು ಎಂದು ಡಂಕನ್ ಕೇಳಿದ. ಹೇಮಿಷ್ ಕಷ್ಟಪಟ್ಟು ನುಂಗಿ, ಅತಿಥಿ ಊರಿಗೆ ಹೋದ ಮೇಲೆ ಹೇಳುತ್ತೇನೆ ಎಂದ.

ಅಕ್ಕನಿಗೆ ಫೋನು ಮಾಡಿದೆ. ನಾನು ಹೂಂ ಎಂದುಬಿಟ್ಟೆ, ಹುಡುಗ ಒಳ್ಳೆಯವನು, ಕೊರತೆ ಇಲ್ಲ ಎಂದೆ. ಸರಿಯಾಗಿ ನೋಡಿದ್ದೀಯಾ ಎಂದಳು. ನೋಡಿದ್ದೇನೆ ಎಂದೆ. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೇಳಿದೆ. ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು, ನನಗೆ ಏನು ಹೇಳಬೇಕೆಂದು ತೋಚದೆ ಸೋದರಮಾವನೂ ಸಿಕ್ಕಿದ್ದಾನೆ, ಮದುವೆಗೆ ಬರುತ್ತಾನಂತೆ, ಅಪ್ಪನೂ ಬರುತ್ತಾನಂತೆ ಎಂದೆಲ್ಲ ಬಡಬಡಿಸಿದೆ.

"ಅವರು ಮೀನು ತಿನ್ತಾರಾ?" ಎಂದು ಅಕ್ಕ ಕೇಳಿದಳು.

ಅವರು ಕಡಲಿನವರೇ, ದಿನವೂ ತಿನ್ನುತ್ತಾರೆ ಎಂದೆ.

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದು ಕೇಳಿಸಿತು.

"ಹಾಗಾದರೆ ಮಳೆಗಾಲದಲ್ಲಿ ಬೇಡ ಮಾರಾಯ" ಎಂದಳು. "ಕಡಲಿಗೆ ಬೋಟು ಇಳಿಯುವುದಿಲ್ಲ, ಒಳ್ಳೆ ಅಂಜಲ್ ಮೀನು ಸಿಗುವುದಿಲ್ಲ. ಮಳೆ ಮುಗಿದ ಮೇಲೆ ದಿನ ನೋಡುವಾ."